ರುಕ್ಮವ್ವನ ಹೆಸರಿನ ಗುಳಿಗೆಗಳು

ನನ್ನ ಅಣ್ಣನ ಮಗಳು ದೀಪಾ ಈಚೆಗೆ ಲ್ಯಾಬ್ ಟೆಕ್ನಿಷಿಯನ್ ಆಗಿ ಸರ್ಕಾರಿ ಕೆಲಸಕ್ಕೆ ಸೇರಿದ್ದಾಳೆ. ಅದೇ ಕೆಲಸದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದು ನಾನು ನಿವೃತ್ತಳಾಗಿದ್ದೇನೆ. ಹೋದ ತಿಂಗಳು ಅವಳು ನಮ್ಮ ಮನೆಗೆ ಬಂದಾಗ ಟಿ.ವಿ.ಯಲ್ಲಿ ಒಂದು ಧಾರಾವಾಹಿ ನಡೆದಿತ್ತು. ಹೆಂಡತಿ ಬಿಟ್ಟುಹೋಗಬಾರದೆಂದು ಒಬ್ಬ ಗಂಡ ತನಗೆ ಕ್ಯಾನ್ಸರ್ ಆಗಿದೆ ಎಂದು ಸುಳ್ಳು ಹೇಳುತ್ತಾನೆ. ಆ ಸುಳ್ಳನ್ನು ಉಳಿಸಿಕೊಳ್ಳಲು ತಲೆ ಬೋಳಿಸಿಕೊಳ್ಳುತ್ತಾನೆ. ಓಣಿಯವರು ಅವನ ಹೆಸರಿನಲ್ಲಿ ಹರಕೆ ಹೊರುತ್ತಾರೆ, ಅವನು ಕದ್ದು ಬಿರಿಯಾನಿ ತಿನ್ನುತ್ತಾನೆ. ಮನೆಯವರೆಲ್ಲ ನಕ್ಕರು. ನಾನೂ ಒಂದೆರಡು ಕಡೆ ನಕ್ಕೆ. ಜಾಹೀರಾತು ಬಂದಾಗ ದೀಪಾ ನನ್ನತ್ತ ತಿರುಗಿ, ಇಲ್ಲದ ರೋಗ ಇದೆ ಅಂತ ನಿಮ್ಮ ಕಾಲದಲ್ಲಿ ಯಾರಾದರೂ ಬರುತ್ತಿದ್ದರೇ ಎಂದು ಕೇಳಿದಳು.

ಬರುತ್ತಿದ್ದರು ಅಂದೆ. ಅದಕ್ಕಿಂತ ಹೆಚ್ಚು ಹೇಳಲು ಆಗ ಮನಸ್ಸಾಗಲಿಲ್ಲ. ಈ ಕೆಲಸದ ಬಗ್ಗೆ ಮಾತಾಡುವುದೆಂದರೆ ನನಗೆ ಈಗಲೂ ಕತ್ತು ನೋಯುತ್ತದೆ. ಮೂವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಗ್ಗಿ ಕೂತ ಕತ್ತು ಅದು. ಆದರೂ ಅವಳು ಹೋದ ಮೇಲೆ ಬರೆದಿಡೋಣ ಅನ್ನಿಸಿತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳ ಆಸ್ಪತ್ರೆಗಳಲ್ಲೇ ನನ್ನ ಸೇವೆಯೆಲ್ಲ ಮುಗಿಯಿತು. ಯಾವುದು ಯಾವ ಆಸ್ಪತ್ರೆಯಲ್ಲಿ ನಡೆಯಿತೆಂದು ಹೇಳುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ನಾನು ಸೇರಿದಾಗ ನಮ್ಮಲ್ಲಿದ್ದುದು ಒಂದೇ ಕಣ್ಣಿನ ಸೂಕ್ಷ್ಮದರ್ಶಕ. ಅದರ ಬುಡದ ಕನ್ನಡಿಯನ್ನು ಕಿಟಕಿಯ ಬಿಸಿಲಿಗೆ ತಿರುಗಿಸಿ ನೋಡಬೇಕಿತ್ತು. ಮಳೆಗಾಲದಲ್ಲಿ ಮೋಡ ಕವಿದರೆ ನಮ್ಮ ಕೆಲಸವೂ ನಿಲ್ಲುತ್ತಿತ್ತು. ಕಾಳಿ ನದಿಯ ಸೀಮೆಯಲ್ಲಿ ಮೋಡ ಎಷ್ಟು ದಿನ ಕವಿದಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕ್ಷಯರೋಗದ ಅನುಮಾನವಿದ್ದವರ ಕಫವನ್ನು ಕಸಬರಿಗೆ ಕಡ್ಡಿಯಿಂದ ಗಾಜಿನ ಮೇಲೆ ಸವರಿ, ಕೆಂಪು ಬಣ್ಣ ಹಾಕಿ ಕೆಳಗಿಂದ ಕಾಸಿ, ಆಮ್ಲದಿಂದ ತೊಳೆದು, ಮೇಲೆ ನೀಲಿ ಹಾಕುತ್ತಿದ್ದೆವು. ರೋಗವಿದ್ದರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಕಾಣುತ್ತವೆ. ಇಲ್ಲದಿದ್ದರೆ ಬರೀ ನೀಲಿ. ಈಗಿನವರಿಗೆ ಯಂತ್ರ ಬಂದಿದೆ, ಎರಡು ತಾಸಿನಲ್ಲಿ ಅದೇ ಉತ್ತರ ಕೊಡುತ್ತದೆ. ಒಳ್ಳೆಯದೇ ಆಯಿತು. ಆದರೆ ಡಬ್ಬಿಯಲ್ಲಿರುವ ಕಫ ಯಾರದ್ದೆಂದು ಯಂತ್ರಕ್ಕೂ ಗೊತ್ತಾಗುವುದಿಲ್ಲ.

ನನಗೆ ಕೆಲಸ ಕಲಿಸಿದವರು ದೇಸಾಯರು, ನಮ್ಮ ಹಿರಿಯ ಟೆಕ್ನಿಷಿಯನ್. ಮಾತು ಕಡಿಮೆ, ಸಿಟ್ಟು ಜಾಸ್ತಿ. ಸೇರಿದ ವರ್ಷವೇ ನಾನು ಎರಡು ಗಾಜುಗಳ ನಂಬರು ಅದಲುಬದಲು ಮಾಡಿದೆ. ರೋಗವಿಲ್ಲದ ಜೋಯಿಡಾ ಕಡೆಯ ಒಬ್ಬ ಮುದುಕನಿಗೆ ಕ್ಷಯವಿದೆ ಎಂದು ಚೀಟಿ ಹೋಯಿತು. ತಪ್ಪು ಗೊತ್ತಾದಾಗ ಮೂರು ವಾರ ಕಳೆದಿದ್ದವು. ದೇಸಾಯರು ಬೈಯಲಿಲ್ಲ. ನೀನೇ ಹೋಗಿ ಹೇಳಿ ಬಾ ಎಂದು ಕಳಿಸಿದರು. ಬಸ್ಸಿನಲ್ಲಿ ಸೂಪಾ ಅಣೆಕಟ್ಟು ದಾಟಿ, ಇಳಿದು ಕಾಡಿನಲ್ಲಿ ನಡೆದು ಹೋದರೆ ಮುದುಕ ಮನೆಯಲ್ಲಿರಲಿಲ್ಲ. ಮೊಮ್ಮಕ್ಕಳಿಗೆ ಅಂಟಬಾರದೆಂದು ಗದ್ದೆಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಒಬ್ಬನೇ ಇದ್ದ. ನಾನು ತಪ್ಪಾಯಿತೆಂದು ಹೇಳಿದ್ದನ್ನು ಪೂರ್ತಿ ಕೇಳಿ, ಈ ಸಲ ಸರಿಯಾಗಿ ನೋಡಿದ್ದೀಯೇನು ತಂಗಿ ಎಂದು ಕೊಂಕಣಿಯಲ್ಲಿ ಕೇಳಿದ. ಹೌದೆಂದೆ. ತಕ್ಷಣವೇ ಹಾಸಿಗೆ ಸುತ್ತತೊಡಗಿದ. ನಿಜವಾದ ರೋಗಿಯನ್ನೂ ಹುಡುಕಿ ಔಷಧ ಶುರುಮಾಡಿದರು, ಅವರು ಬದುಕಿದರು. ಆ ದಿನದ ನಂತರ ಗಾಜಿನ ನಂಬರನ್ನು ಮೂರು ಸಲ ಓದದೆ ನಾನು ಏನನ್ನೂ ಬರೆಯಲಿಲ್ಲ.

ಇಲ್ಲದ ರೋಗವನ್ನು ಬೇಡಿ ಬಂದ ಮೊದಲನೆಯವನು ದಾಂಡೇಲಿಯ ಕಡೆ ಕಟ್ಟಿಗೆ ಹೊರುತ್ತಿದ್ದ ಒಬ್ಬ ಕೂಲಿಯಾಳು. ಕ್ಷಯವೆಂದು ಚೀಟಿಯಿದ್ದರೆ ಹಗುರ ಕೆಲಸಕ್ಕೆ ಹಾಕುತ್ತಾರೆಂದು ಯಾರೋ ಹೇಳಿದ್ದರು. ಅವನು ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದ ಹಳೆಯ ರೋಗಿಯೊಬ್ಬನಿಂದ ಕಫ ಇಸಕೊಂಡು ತನ್ನ ಡಬ್ಬಿಯಲ್ಲಿ ತಂದ. ನೋಡಿದರೆ ಬರೀ ನೀಲಿ. ನಿನಗೆ ಏನೂ ಇಲ್ಲ ಅಂದೆ. ಅವನ ಮುಖ ಕಪ್ಪಿಟ್ಟಿತು.

"ಹೆಂಗ ಇಲ್ಲಂತೀರಿ ಬಾಯಾರ? ಅದು ಖರೇ ಟೀಬಿ ಇದ್ದಾಂವಂದ ಐತ್ರಿ. ನಾ ಕೇಳಿ ತಂದೇನಿ."

ಕಫ ಕೊಟ್ಟವನು ಆರು ತಿಂಗಳ ಔಷಧ ಮುಗಿಸಿ ಗುಣವಾಗಿ ಕೊನೆಯ ಪರೀಕ್ಷೆಗೆ ಬಂದವನಾಗಿದ್ದ. ನಮ್ಮ ಔಷಧ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ ಎಂದು ದೇಸಾಯರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಗಂಭೀರವಾಗಿ, "ಕಫ ಸುಳ್ಳ ಹೇಳೂದಿಲ್ಲವಾ. ತಂದವರು ಹೇಳ್ತಾರ. ನಿನ್ನ ಕಣ್ಣ ಮುಂದ ಕೆಮ್ಮಿದ್ದನ್ನಷ್ಟ ನಂಬು" ಅಂದರು.

ಆ ಮಾತನ್ನು ನಾನು ಪಾಲಿಸಿದ್ದರೆ ಮುಂದಿನದನ್ನು ಬರೆಯುವ ಅಗತ್ಯ ಬರುತ್ತಿರಲಿಲ್ಲ.

ಎರಡು ಸಾವಿರನೇ ಇಸವಿಯ ಆಚೆಗೆ, ರೋಗಿಯ ಹೆಸರು ಬರೆದ ಔಷಧದ ಪೆಟ್ಟಿಗೆಯನ್ನು ಅವರ ಊರಿಗೇ ಕಳಿಸುವ ಪದ್ಧತಿ ನಮ್ಮಲ್ಲಿ ಬಂತು. ವಾರಕ್ಕೆ ಮೂರು ದಿನ ಊರಿನ ಅಂಗನವಾಡಿ ಬಾಯಿಯೋ ನರ್ಸ್‌ಬಾಯಿಯೋ ಎದುರಿಗೆ ನಿಂತು ಗುಳಿಗೆ ನುಂಗಿಸಬೇಕು. ರೋಗಿಗಳು ಅರ್ಧಕ್ಕೆ ಬಿಡದಂತೆ ಮಾಡಿದ ಒಳ್ಳೆಯ ಉಪಾಯ. ಆದರೆ ಇದರಿಂದ ರೋಗ ಗುಟ್ಟಾಗಿ ಉಳಿಯಲಿಲ್ಲ. ಅಂಗನವಾಡಿಯ ಕಪಾಟಿನಲ್ಲಿ ಯಾರ ಹೆಸರಿನ ಪೆಟ್ಟಿಗೆ ಇದೆ ಎಂಬುದು ಮರುದಿನವೇ ಬಾವಿಕಟ್ಟೆಗೆ ಗೊತ್ತಾಗುತ್ತಿತ್ತು.

ರುಕ್ಮವ್ವ ಬಂದದ್ದು ಆ ಕಾಲದಲ್ಲಿ. ಹಳಿಯಾಳದಿಂದ ತೇರಗಾಂವದ ಕಡೆ ಹೋಗುವ ಬಸ್ಸಿಳಿದು ಒಳಗೆ ನಡೆದು ಹೋಗಬೇಕಾದ ಒಂದು ಸಣ್ಣ ಊರು ಅವಳದು. ಮೂವತ್ತರ ಆಚೀಚೆ ವಯಸ್ಸು, ಗಟ್ಟಿ ಮೈಕಟ್ಟು, ಭತ್ತದ ಗದ್ದೆಯಲ್ಲಿ ದುಡಿದ ಕೈಗಳು. ಜೊತೆಗೆ ಅವಳ ನಾದಿನಿ ಮಂಗಲಾ ಬಂದಿದ್ದಳು, ಹತ್ತೊಂಬತ್ತರ ಹುಡುಗಿ, ತೆಳ್ಳಗೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಎರಡು ತಿಂಗಳಿಂದ ಕೆಮ್ಮು, ಒಮ್ಮೆ ರಕ್ತವೂ ಬಿತ್ತು ಎಂದು ರುಕ್ಮವ್ವ ಹೇಳಿಕೊಂಡಳು. ಅವತ್ತು ಸಂತೆಯ ದಿನ, ಬಾಗಿಲ ಹೊರಗೆ ನಲವತ್ತು ಜನ. ನಾನು ಡಬ್ಬಿ ಕೊಟ್ಟು, ಹೊರಗೆ ಮರದ ಬುಡಕ್ಕೆ ಹೋಗಿ ಕೆಮ್ಮಿ ತಾ ಅಂದೆ. ಇಬ್ಬರೂ ಹೋದರು, ಸ್ವಲ್ಪ ಹೊತ್ತಿಗೆ ಡಬ್ಬಿ ಬಂತು. ಮರುದಿನವೂ ಇಬ್ಬರೂ ಬಂದರು. ಮೊದಲ ದಿನದ್ದು, ಮನೆಯಿಂದ ತಂದ ಬೆಳಗಿನದು, ಮತ್ತೆ ಮರದ ಬುಡದಲ್ಲಿ ಕೊಟ್ಟದ್ದು, ಮೂರರಲ್ಲೂ ಕೆಂಪು ಕಡ್ಡಿಗಳು ತುಂಬಿಕೊಂಡಿದ್ದವು. ರಿಜಿಸ್ಟರಿನಲ್ಲಿ ರುಕ್ಮವ್ವ ಎಂದು ಬರೆದೆ. ಅವಳ ಹೆಸರಿನ ಪೆಟ್ಟಿಗೆ ಅವಳೂರಿನ ಅಂಗನವಾಡಿಗೆ ಹೋಯಿತು.

ಎರಡು ತಿಂಗಳಾದ ಮೇಲೆ ಮರುಪರೀಕ್ಷೆಗೆ ಅವಳು ಒಬ್ಬಳೇ ಬಂದಳು. ಮನೆಯಿಂದ ತಂದ ಬೆಳಗಿನ ಡಬ್ಬಿಯಲ್ಲಿ ಗಟ್ಟಿ ಕಫವಿತ್ತು, ಅದರಲ್ಲಿ ಇನ್ನೂ ಕೆಲವು ಕೆಂಪು ಕಡ್ಡಿಗಳಿದ್ದವು. ಆಸ್ಪತ್ರೆಯಲ್ಲಿ ಕೊಟ್ಟ ಡಬ್ಬಿಯಲ್ಲಿದ್ದುದು ನೀರಿನಂಥ ಉಗುಳು, ಅದರಲ್ಲಿ ಏನೂ ಇಲ್ಲ. ಅಂಥ ವ್ಯತ್ಯಾಸ ಒಂದೊಂದು ಸಲ ಆಗುತ್ತದೆ. ಆದರೆ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡಾಗ ಅವಳ ಸೆರಗಿನ ತುದಿ ಕಣ್ಣಿಗೆ ಬಿತ್ತು. ಅಲ್ಲಿ ಕಂದುಗೆಂಪು ಕಲೆಗಳು, ಒಂದರ ಮೇಲೊಂದು. ಮೊದಲು ಎಲೆಯಡಿಕೆಯ ಕಲೆ ಎಂದುಕೊಂಡೆ. ಅವಳ ಹಲ್ಲು ನೋಡಿದರೆ ಬಿಳಿಯಾಗಿದ್ದವು.

ಬೆಳಿಗ್ಗೆ ಗುಳಿಗೆ ನುಂಗಿದೆಯಾ ಎಂದು ಕೇಳಿದೆ. ಅಂಗನವಾಡಿಯಲ್ಲಿ ನುಂಗಿಯೇ ಬಸ್ಸು ಹತ್ತಿದೆ ಅಂದಳು. ಮೂತ್ರ ತರಲು ಹೇಳಿದೆ. ಆ ಗುಳಿಗೆಗಳಲ್ಲಿ ಒಂದು ಕೆಂಪು ಮಾತ್ರೆ ಇರುತ್ತದೆ. ಅದನ್ನು ನುಂಗಿದವರ ಮೂತ್ರ ಆ ದಿನ ಕಿತ್ತಳೆ ಬಣ್ಣಕ್ಕೆ ತಿರುಗದೆ ಇರುವುದಿಲ್ಲ. ಅವಳು ತಂದದ್ದು ತಿಳಿ ಹಳದಿ. ಬಾಗಿಲು ಮುಚ್ಚಿ, ಗುಳಿಗೆ ಎಲ್ಲಿ ಹೋದವು ಅಂದೆ. ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೇಳಿದಳು.

ರೋಗ ಮಂಗಲಾಳದು. ಮುಂಡಗೋಡದ ಕಡೆ ಒಂದು ಊರಿಗೆ ಅವಳ ಮದುವೆ ಗೊತ್ತಾದ ಮೇಲೆ ರಕ್ತ ಕಾಣಿಸಿಕೊಂಡಿತು. ಅವಳ ಹೆಸರಿನ ಪೆಟ್ಟಿಗೆ ಊರಿಗೆ ಬಂದರೆ ಮದುವೆ ಮುರಿದಂತೆಯೇ. ಆಗ ಮನೆಯ ಯಜಮಾನಿ ತುಳಸವ್ವ, ಅಂದರೆ ಮಂಗಲಾಳ ತಾಯಿ, ರುಕ್ಮವ್ವನ ಅತ್ತೆ, ಈ ದಾರಿ ಹುಡುಕಿದಳು. ಸೊಸೆ ರೋಗಿಯಾಗಬೇಕು, ಸೊಸೆಯ ಹೆಸರಿನಲ್ಲಿ ಗುಳಿಗೆ ಬರಬೇಕು, ಮಗಳು ನುಂಗಬೇಕು. ಅಂಗನವಾಡಿಯಲ್ಲಿ ರುಕ್ಮವ್ವ ಮುಖ ಪಕ್ಕಕ್ಕೆ ತಿರುಗಿಸಿ, ಗುಳಿಗೆಗಳನ್ನು ಬಾಯಿಗೆ ಹಾಕಿದಂತೆ ಮಾಡಿ ಸೆರಗಿಗೆ ಜಾರಿಸಿ, ಮೇಲೆ ನೀರು ಕುಡಿದು ಬರುತ್ತಿದ್ದಳು. ಬೆವರಿದ ಅಂಗೈಯಲ್ಲಿ ಕೆಂಪು ಮಾತ್ರೆ ಕರಗಿ ಕಲೆಯಾಗುತ್ತಿತ್ತು.

ನೀನು ಹೇಗೆ ಒಪ್ಪಿದೆ ಎಂದು ಕೇಳಿದೆ. ನನ್ನ ಧ್ವನಿಯಲ್ಲಿ ಸಿಟ್ಟು ಇದ್ದಿರಬೇಕು.

"ನಾ ಇನ್ನ ಎಲ್ಲಿಗೂ ಹೋಗಾಕಿ ಅಲ್ಲಲ್ರಿ. ಗಂಡ ಅದಾನ, ಮಗಳ ಅದಾಳ. ನನ್ನ ಹೆಸರ ಕೆಟ್ರ ಯಾರಿಗೇನ ಆಗೂದೈತಿ ಅಂದ್ರ ಅತ್ತಿ. ನನ್ನ ಗಂಡನೂ ಹೂಂ ಅಂದ. ಮಂಗಲಾ ಭಾಳ ಅತ್ಲರಿ."

ಸುಳ್ಳನ್ನು ಊರು ನಂಬಬೇಕಾದರೆ ಮನೆಯವರು ಚೆನ್ನಾಗಿ ನಟಿಸಬೇಕಲ್ಲ. ರುಕ್ಮವ್ವನ ತಾಟು, ಚರಗಿ ಬೇರೆ ಮಾಡಿದ್ದರು. ಅವಳ ಊಟ ದನದ ಕೊಟ್ಟಿಗೆಯ ಕಟ್ಟೆಯ ಮೇಲೆ. ನಿಜವಾಗಿ ಕೆಮ್ಮುವವಳು ಒಳಗೆ ಎಲ್ಲರಿಗೂ ರೊಟ್ಟಿ ಬಡಿಸುತ್ತಿದ್ದಳು. ನೆಂಟರು ಬಂದಾಗ ರುಕ್ಮವ್ವ ಹೊರಗಿನಿಂದ ಗಟ್ಟಿಯಾಗಿ ಕೆಮ್ಮಬೇಕಿತ್ತು, ಒಳಗಿನ ಕೆಮ್ಮು ಅದರಲ್ಲಿ ಮುಚ್ಚಿಹೋಗಲಿ ಎಂದು. ಇದನ್ನು ಹೇಳುವಾಗ ಅವಳಿಗೇ ನಗು ಬಂತು, ನನಗೂ ಬಂತು. ಆಮೇಲೆ ಅವಳು ನಾಲ್ಕು ವರ್ಷದ ಮಗಳು ಕವಿತಾಳ ಮಾತು ತೆಗೆದಳು. ಕೂಸು ತಾಯಿಯ ಹತ್ತಿರ ಬರಲು ಅಳುತ್ತದೆ, ರೋಗಿಯ ಹತ್ತಿರ ಕೂಸನ್ನು ಬಿಟ್ಟರೆ ನೋಡಿದವರಿಗೆ ಅನುಮಾನ ಬರುತ್ತದೆಂದು ಅತ್ತೆ ಬಿಡುವುದಿಲ್ಲ.

"ಹಂಗಾರ ಕೂಸು ಯಾರ ಹತ್ರ ಮಲಗತೈತಿ?" ಅಂದೆ.

"ಮಂಗಲಾನ ಹತ್ರರಿ."

ನನ್ನ ನಗು ನಿಂತಿತು. ಇವತ್ತಿನಿಂದಲೇ ಕೂಸನ್ನು ಅಲ್ಲಿಂದ ಎಬ್ಬಿಸು, ಮಂಗಲಾ ಒಂದು ಗುಳಿಗೆಯನ್ನೂ ತಪ್ಪಿಸಬಾರದು ಎಂದು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, ಅಕ್ಷತೆ ಬೀಳುವ ತನಕ ಯಾರಿಗೂ ಹೇಳಬೇಡಿ ಎಂದು ಬೇಡಿದಳು.

ನಾನು ಸುಮ್ಮನಿದ್ದೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಮಾಡಿಲ್ಲ. ಗುಳಿಗೆ ಸೇರಬೇಕಾದವಳಿಗೆ ಸೇರುತ್ತಿದೆ, ಹೆಸರು ಯಾರದಾದರೇನು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ದಣಿದಿದ್ದೆ. ದೇಸಾಯರು ನಿವೃತ್ತರಾಗಿ ಅವರ ಕೆಲಸವೂ ನನ್ನ ಮೇಲೆಯೇ ಬಿದ್ದಿತ್ತು. ಹೇಳಿದರೆ ಡಾಕ್ಟರ ಮುಂದೆ ವಿಚಾರಣೆ, ಕಾಗದಪತ್ರ, ಒಂದು ಮದುವೆ ಮುರಿದ ಪಾಪ. ಬೆಳಗಿನ ಡಬ್ಬಿಯ ಫಲಿತಾಂಶವನ್ನು ರುಕ್ಮವ್ವನ ಹೆಸರಿನಲ್ಲೇ ಬರೆದೆ. ಕೆಂಪು ಕಡ್ಡಿ ಇನ್ನೂ ಇದ್ದುದರಿಂದ ಮೊದಲಿನ ಔಷಧವನ್ನೇ ಇನ್ನೊಂದು ತಿಂಗಳು ಮುಂದುವರಿಸಿದರು.

ಮದುವೆ ಆ ತಿಂಗಳ ಕೊನೆಗೆ ಆಯಿತು. ಗಂಡಿನ ಊರಿನಲ್ಲಿ ನಡೆದ ಮದುವೆಗೆ ರುಕ್ಮವ್ವನನ್ನು ಕರೆದುಕೊಂಡು ಹೋಗಲಿಲ್ಲ. ಟೀಬಿಯವಳು ಹಂದರದಲ್ಲಿ ಕಾಣಿಸಿದರೆ ಚೆನ್ನಾಗಿರುವುದಿಲ್ಲ ಎಂದು ತುಳಸವ್ವ ಬಿಟ್ಟುಹೋದಳು. ದನ ಕಾಯ್ದುಕೊಂಡು ಇದ್ದೆ ಎಂದು ರುಕ್ಮವ್ವ ಆಮೇಲೆ ಹೇಳಿದಳು.

ಮುಂದಿನ ಹಂತದಲ್ಲಿ ವಾರದ ಮೊದಲ ಗುಳಿಗೆಯನ್ನು ಎದುರಿಗೆ ನುಂಗಿಸಿ, ಉಳಿದ ಗುಳಿಗೆಗಳಿರುವ ಪಟ್ಟಿಯನ್ನು ಮನೆಗೆ ಕೊಡುತ್ತಾರೆ. ರುಕ್ಮವ್ವ ಆ ಪಟ್ಟಿಯನ್ನು ಮುಂಡಗೋಡದ ಆ ಊರಿಗೆ ಒಯ್ಯಬೇಕಿತ್ತು. ಶೇಂಗಾ ಉಂಡಿ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ತಳದಲ್ಲಿ ಪಟ್ಟಿ ಇಟ್ಟುಕೊಂಡು ಬಸ್ಸು ಹತ್ತಿದಳು. ಆದರೆ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಮಂಗಲಾಳ ಅತ್ತೆ ಅವಳನ್ನು ಅಂಗಳದಲ್ಲೇ ನಿಲ್ಲಿಸಿದಳು. ಹೊಸ ಸೊಸೆಗೆ ಟೀಬಿಯವಳ ಗಾಳಿ ಸೋಕಬಾರದು, ಅವಳು ಗುಣವಾಗುವ ತನಕ ಇತ್ತ ಬರಬಾರದು. ಡಬ್ಬಿಯನ್ನು ಇಸಕೊಂಡರು. ರುಕ್ಮವ್ವ ರಸ್ತೆಗೆ ಬಂದು ಹಿಂತಿರುಗಿ ನೋಡಿದಾಗ ಯಾರೋ ಅದನ್ನು ತಿಪ್ಪೆಗೆ ಸುರಿಯುತ್ತಿದ್ದರು, ಉಂಡಿ, ಗುಳಿಗೆ ಎಲ್ಲ ಸೇರಿ.

ಮುಂದಿನ ವಾರವೂ ಹೋದಳು, ಅದರ ಮುಂದಿನ ವಾರವೂ ಹೋದಳು. ಅಂಗಳ ದಾಟಲು ಬಿಡಲಿಲ್ಲ. ಮಂಗಲಾಗೆ ಔಷಧ ನಿಂತುಹೋಗಿ ಒಂದು ತಿಂಗಳು ದಾಟಿತು. ಆಗ ರುಕ್ಮವ್ವ ನನ್ನ ಹತ್ತಿರ ಬಂದಳು. ನುಂಗದೆ ಉಳಿದ ಪಟ್ಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಕವಿತಾಳನ್ನೂ ಕರೆತಂದಿದ್ದಳು. ಕೂಸಿನ ಕತ್ತಿನ ಬಲಗಡೆ ಗಂಟು ಕಟ್ಟಿತ್ತು.

ಅದನ್ನು ಮುಟ್ಟಿ ನೋಡಿದೆ. ಮಕ್ಕಳಲ್ಲಿ ಕ್ಷಯ ಹೀಗೆಯೇ ಕಾಣಿಸಿಕೊಳ್ಳುತ್ತದೆ. ನಾನು ಸುಮ್ಮನಿದ್ದ ದಿನಗಳಲ್ಲೇ ಅಂಟಿತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಅಲ್ಲ ಎಂದೂ ಹೇಳಲಾರದು. ಅವತ್ತೇ ಇಬ್ಬರನ್ನೂ ಕರೆದುಕೊಂಡು ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ, ನಾನು ಮುಚ್ಚಿಟ್ಟದ್ದನ್ನೂ ಸೇರಿಸಿ.

ನಮ್ಮ ಡಾಕ್ಟರು ಮೈಸೂರು ಕಡೆಯವರು. ಅವರೂ ನನ್ನಷ್ಟೇ ದಣಿದಿದ್ದರು. ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಾವು ರೋಗಕ್ಕೆ ಮದ್ದು ಕೊಡೋರು ಕಣಮ್ಮ. ಮದುವೆಗಲ್ಲ. ಇದನ್ನ ನೀವು ಎರಡು ತಿಂಗಳ ಹಿಂದೆ ಹೇಳಬೇಕಿತ್ತು" ಅಂದರು. ಅಷ್ಟೇ. ಕೂಸಿನ ಔಷಧಕ್ಕೆ ಬರೆದರು. ಮಂಗಲಾಳನ್ನು ಕರೆತರಲು ನಾನೇ ಹೋಗಬೇಕೆಂದರು.

ಮರುದಿನ ರುಕ್ಮವ್ವನ ಜೊತೆ ಬಸ್ಸಿನಲ್ಲಿ ಹೊರಟೆ. ನಾನು ಮಂಗಲಾಳನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಮಾತಾಡಬೇಕು, ಹೆಣ್ಣುಮಕ್ಕಳ ಬೇರೆ ಯಾವುದೋ ತೊಂದರೆಯ ನೆಪ ಹೇಳಿ ಕರೆತರಬೇಕು ಎಂದು ಲೆಕ್ಕ ಹಾಕಿಕೊಂಡಿದ್ದೆ. ಅಂದರೆ ಇನ್ನೊಂದು ಸುಳ್ಳು. ಅಂಗಳಕ್ಕೆ ಕಾಲಿಡುತ್ತಲೇ ಮಂಗಲಾಳ ಅತ್ತೆ ಹೊರಬಂದಳು. ನೋಡಿದರೆ ಕೆಟ್ಟ ಹೆಂಗಸಲ್ಲ. ನನಗೆ ಕೂರಲು ಚಾಪೆ ಹಾಸಿದಳು. ರುಕ್ಮವ್ವನಿಗೆ ಮಾತ್ರ, ಅಲ್ಲೇ ನಿಂದರವಾ, ಸಿಟ್ಟಾಗಬ್ಯಾಡ, ನಮ್ಮ ಮನ್ಯಾಗೂ ಸಣ್ಣ ಮಕ್ಕಳದಾವ ಅಂದಳು.

ಮಂಗಲಾ ನೀರು ತಂದಳು. ನಾಲ್ಕು ತಿಂಗಳಲ್ಲಿ ಅರ್ಧ ಆಗಿದ್ದಳು. ಚರಗಿಯನ್ನು ನನ್ನ ಮುಂದಿಟ್ಟು, ಬಿಸಿಲಲ್ಲಿ ನಿಂತಿದ್ದ ರುಕ್ಮವ್ವನನ್ನು ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು.

"ವೈನೀ, ಒಳಗ ಬಾ. ನಿನಗೇನೂ ಆಗಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅತ್ತಿ, ಕೆಮ್ಮು ನಂದು. ಈಕಿ ನನ್ನ ಸಲುವಾಗಿ ಹೆಸರ ಹಚ್ಚಿಸಿಕೊಂಡಾಳ."

ಮಂಗಲಾಳ ಅತ್ತೆ ನನ್ನನ್ನು ನೋಡಿದಳು, ನಾನು ತಲೆಯಾಡಿಸಿದೆ. ಆಕೆ ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆಕೆ ಒಳಗೆ ಹೋಗಿ ಮಂಗಲಾಳ ನಾಲ್ಕು ಸೀರೆಗಳನ್ನು ಗಂಟು ಕಟ್ಟಿ ತಂದಳು. "ಆರಾಮಾಗಿ ಬಾ. ಇಲ್ಲಾಂದ್ರ ಬರಬ್ಯಾಡ" ಅಂದಳು. ನಾವು ಮೂವರೂ ಅದೇ ದಿನದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದೆವು. ಕಿಟಕಿಯ ಪಕ್ಕ ಮಂಗಲಾ, ನಡುವೆ ರುಕ್ಮವ್ವ. ಗಾಳಿ ಹೊರಗೆ ಹೋಗಲಿ ಎಂದು ನಾನು ಗಾಜನ್ನು ಪೂರ್ತಿ ಸರಿಸಿದೆ.

ಔಷಧ ಮಧ್ಯದಲ್ಲಿ ಬಿಟ್ಟದ್ದರಿಂದ ಮಂಗಲಾಳ ಚಿಕಿತ್ಸೆ ಹೊಸದಾಗಿ, ಇನ್ನೂ ಕಠಿಣವಾಗಿ ಶುರುವಾಯಿತು. ಎರಡು ತಿಂಗಳು ಇಂಜೆಕ್ಷನ್, ಒಟ್ಟು ಎಂಟು ತಿಂಗಳು. ಈ ಸಲ ಅವಳದೇ ಹೆಸರಿನ ಪೆಟ್ಟಿಗೆ. ಒಂದು ಗುಟ್ಟನ್ನು ಉಳಿಸಿಕೊಳ್ಳಲು ಬರಲಿಲ್ಲ ನಿನಗೆ ಎಂದು ತುಳಸವ್ವ ಸೊಸೆಗೆ ಬೈದಳಂತೆ. ಕವಿತಾಳ ಗಂಟು ಕರಗಿತು. ಎಂಟನೇ ತಿಂಗಳ ಕೊನೆಯ ಗಾಜಿನಲ್ಲಿ ಬರೀ ನೀಲಿ ಕಂಡ ದಿನ ಮಂಗಲಾಳ ಗಂಡ ಲ್ಯಾಬಿನ ಬಾಗಿಲಿಗೆ ಬಂದು ನಿಂತಿದ್ದ. ಅಲ್ಲಿಯ ತನಕ ಅವನ ಮುಖವನ್ನೇ ನಾನು ನೋಡಿರಲಿಲ್ಲ. "ಇನ್ನ ಅಂಟೂದಿಲ್ಲೇನ್ರಿ?" ಎಂದಷ್ಟೇ ಕೇಳಿದ. ಇಲ್ಲ ಅಂದೆ. ಹೆಂಡತಿಯ ಗಂಟನ್ನು ತಾನೇ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ರಿಜಿಸ್ಟರಿನಲ್ಲಿ ರುಕ್ಮವ್ವನ ಹೆಸರು ಉಳಿದಿತ್ತು. ಪ್ರತಿ ರೋಗಿಯ ಹೆಸರಿನ ಮುಂದೆ ಕೊನೆಗೆ ಏನಾಯಿತು ಎಂದು ಬರೆಯಲೇಬೇಕು. ಗುಣವಾದರೇ, ಸತ್ತರೇ, ಬಿಟ್ಟುಹೋದರೇ. ರೋಗವೇ ಇರಲಿಲ್ಲ ಎಂದು ಬರೆದರೆ ಮೇಲಿನವರು ಡಾಕ್ಟರನ್ನೂ ನನ್ನನ್ನೂ ಪ್ರಶ್ನೆ ಮಾಡುತ್ತಿದ್ದರು. ಡಾಕ್ಟರು "ಚಿಕಿತ್ಸೆ ಬಿಟ್ಟವರು" ಎಂದು ಬರೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಅನ್ನಲಿಲ್ಲ. ಆ ಶಬ್ದ ಏನು ಮಾಡುತ್ತದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಕರೆತರುವುದು ಕ್ಷಯರೋಗ ವಿಭಾಗದ ಕೆಲಸ. ಹೊಸ ಸುಪರ್ವೈಸರ್ ಬಂದಾಗಲೆಲ್ಲ ಹಳೆಯ ಪಟ್ಟಿ ಹಿಡಿದು ಮೋಟರ್ ಸೈಕಲ್ಲಿನಲ್ಲಿ ಆ ಊರಿಗೆ ಹೋಗಿ, ಟೀಬಿ ಗುಳಿಗೆ ಬಿಟ್ಟ ರುಕ್ಮವ್ವನ ಮನೆ ಯಾವುದು ಎಂದು ಬಾವಿಕಟ್ಟೆಯಲ್ಲಿ ನಿಂತು ಕೇಳುತ್ತಿದ್ದರು. ರೋಗ ಮಂಗಲಾಳದಾಗಿತ್ತು ಎಂದು ಊರಿಗೆ ಗೊತ್ತಾಗಿತ್ತು ನಿಜ. ಆದರೆ ಸರ್ಕಾರದವರೇ ಮತ್ತೆ ಮತ್ತೆ ಹುಡುಕಿಕೊಂಡು ಬರುವಾಗ ಇವಳಿಗೂ ಇದ್ದಿರಬೇಕು ಎಂದು ಜನ ತೀರ್ಮಾನಿಸಿದರು. ನಾನು ಅಷ್ಟರಲ್ಲಿ ಬೇರೆ ತಾಲೂಕಿಗೆ ಬದಲಿಯಾಗಿದ್ದೆ, ಇದೊಂದೂ ನನಗೆ ತಿಳಿಯಲಿಲ್ಲ.

ಒಂಬತ್ತು ವರ್ಷ ಕಳೆದು ನಾನು ಹಳೆಯ ಆಸ್ಪತ್ರೆಗೇ ತಿರುಗಿ ಬಂದಾಗ ರುಕ್ಮವ್ವ ಒಂದು ದಿನ ಬಾಗಿಲಲ್ಲಿ ಬಂದು ನಿಂತಳು. ಕೂದಲು ನರೆತಿತ್ತು. ಕೆಮ್ಮು ಬಂದಿದೆ, ನೋಡಿ ಅಂದಳು. ಈ ಸಲ ನನ್ನ ಕಣ್ಣ ಮುಂದೆಯೇ ಕೆಮ್ಮಿಸಿದೆ. ಎರಡು ದಿನದ ಗಾಜುಗಳನ್ನೂ ನಿಯಮಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಏನೂ ಇರಲಿಲ್ಲ, ಬರೀ ನೆಗಡಿಯ ಕೆಮ್ಮು. ಹೇಳಿದೆ. ಅವಳು ಹೊರಡಲಿಲ್ಲ.

"ಏನೂ ಇಲ್ಲಂತ ಒಂದ ಕಾಗದದ ಮ್ಯಾಲ ಬರದ ಕೊಡ್ರಿ ಬಾಯಾರ. ಇನ್ನೂ ಹೊರಗ ಉಣ್ತೇನಿ ನಾ."

ಅವಳನ್ನು ಕೂರಿಸಿ, ಸುಪರ್ವೈಸರುಗಳು ಮನೆ ಹುಡುಕಿಕೊಂಡು ಬಂದದ್ದನ್ನೂ, ಜನರ ಮಾತಿಗೆ ಅಂಜಿ ಮನೆಯವರು ಅವಳ ತಾಟನ್ನು ಒಳಗೆ ತರಿಸದೆ ಹೋದದ್ದನ್ನೂ ಕೇಳಿ ತಿಳಿದುಕೊಂಡೆ. ನಮ್ಮ ಫಾರಮಿನಲ್ಲಿ ಪಾಸಿಟಿವ್, ನೆಗೆಟಿವ್ ಎಂಬ ಇಂಗ್ಲಿಷಿನ ಎರಡು ಶಬ್ದಗಳಿಗಷ್ಟೇ ಜಾಗವಿತ್ತು. ನಾನು ಬೇರೆ ಹಾಳೆ ತೆಗೆದು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದೆ. ರುಕ್ಮವ್ವ ಇವರಿಗೆ ಕ್ಷಯರೋಗ ಇಲ್ಲ. ಹಿಂದೆಯೂ ಇರಲಿಲ್ಲ. ಹೊಸದಾಗಿ ಬಂದಿದ್ದ ಡಾಕ್ಟರು ಎರಡನೇ ವಾಕ್ಯದ ಮೇಲೆ ಬೆರಳಿಟ್ಟು, ಹಿಂದಿನದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಹಿಂದೆ ತಪ್ಪು ಬರೆದವಳೂ ನಾನೇ ಅಂದೆ. ಅವರು ನನ್ನ ಮುಖವನ್ನೇ ನೋಡಿ ಸಹಿ ಮಾಡಿ ಶಿಕ್ಕಾ ಒತ್ತಿದರು. ಪಟ್ಟಿಯಿಂದ ಅವಳ ಹೆಸರು ತೆಗೆಸಲು ನಾನು ಅರ್ಜಿಯನ್ನೂ ಬರೆದೆ. ಅದಕ್ಕೆ ಉತ್ತರ ಬರಲು ಒಂದು ವರ್ಷ ಹಿಡಿಯಿತು, ಆದರೆ ಬಂತು.

ಮನೆಯಲ್ಲಿ ಓದುವವರು ಯಾರಿದ್ದಾರೆ ಎಂದು ಕೇಳಿದ್ದಕ್ಕೆ, ಕವಿತಾ ಈಗ ಎಂಟನೇ ಇಯತ್ತೆ, ಅವಳ ಕೈಲೇ ಓದಿಸುತ್ತೇನೆ ಅಂದಳು ರುಕ್ಮವ್ವ.

ತಿಂಗಳಾದ ಮೇಲೆ ಸಂತೆಗೆ ಬಂದಾಗ ಲ್ಯಾಬಿಗೆ ಬಂದು ನಡೆದದ್ದನ್ನು ಹೇಳಿದಳು. ಕವಿತಾ ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದಳು. ತುಳಸವ್ವನಿಗೆ ಕಿವಿ ಮಂದವಾಗಿತ್ತು, ಇನ್ನೊಮ್ಮೆ ಓದಿಸಿದಳು. ಪೂರ್ತಿ ಕೇಳಿಸಿಕೊಂಡು ಸೊಸೆಯನ್ನು ದಿಟ್ಟಿಸಿ ನೋಡಿ, "ಅಲ್ಲವಾ, ನಿನಗ ರೋಗನ ಇದ್ದಿಲ್ಲಂದ್ರ ಇಷ್ಟ ವರ್ಷ ಯಾಕ ಹೇಳಲಿಲ್ಲ ನೀ?" ಅಂದಳಂತೆ.

ಅದನ್ನು ಹೇಳುವಾಗ ರುಕ್ಮವ್ವ ನಗಲೂ ಇಲ್ಲ, ಅಳಲೂ ಇಲ್ಲ. ಮುದುಕಿ ನಾಟಕ ಮಾಡಲಿಲ್ಲ, ನಿಜವಾಗಿಯೂ ಮರೆತೇಬಿಟ್ಟಿದ್ದಾಳೆ ಎಂದಳು. ಈಗ ಒಳಗೆ ಎಲ್ಲರ ಜೊತೆ ಉಣ್ಣುತ್ತೀಯಾ ಎಂದು ಕೇಳಿದೆ.

"ಹೂಂನ್ರಿ, ಎಲ್ಲಾರ ಜೋಡಿನ ಉಣ್ತೇನಿ."

"ತಾಟು?"

"ತಾಟ ಅದ ಹಳೇದ ಐತ್ರಿ," ಅಂದಳು. "ಬ್ಯಾರೇದರಾಗ ಉಂಡ್ರ ಈಗ ನನಗ ಹೊಟ್ಟಿ ತುಂಬಿದಂಗ ಆಗೂದಿಲ್ಲ."